ಅಜ್ಜನ ಕೋವಿಗೆ ಹೊಳಪು ಬೇಡ

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರು ಸಕಲೇಶಪುರದ ಕಡೆ. ಅಜ್ಜ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಹೆಂಚು ಬದಲಿಸಲೆಂದು ಅಟ್ಟ ಖಾಲಿ ಮಾಡುವಾಗ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಎರಡು ಹಳೆಯ ರೈಫಲ್ ಸಿಕ್ಕವು. ಒಂದು ಜೋಡಿ ನಳಿಗೆಯದು, ಮೇಲೆ ಇಂಗ್ಲಿಷಿನಲ್ಲಿ ಏನೋ ಕೆತ್ತಿದೆ. ಇನ್ನೊಂದು ಬಾಯಿಯಿಂದ ಮದ್ದು ತುಂಬುವ ಉದ್ದನೆಯದು, ಅದರ ಕುದುರೆ (ಹ್ಯಾಮರ್) ಅಲ್ಲಾಡುವುದಿಲ್ಲ. ಅಜ್ಜನ ಹೆಸರಿನ ಲೈಸೆನ್ಸ್ ಪುಸ್ತಕವೂ ಪೆಟ್ಟಿಗೆಯಲ್ಲಿತ್ತು. ‘ನೀನೇ ಇಟ್ಕೊ, ಬೆಂಗಳೂರಿಗೆ ತಗೊಂಡು ಹೋಗು’ ಎನ್ನುತ್ತಾರೆ ಚಿಕ್ಕಪ್ಪ. ಪೀಣ್ಯದಲ್ಲಿ ಶೆಡ್ ಇಟ್ಟುಕೊಂಡಿರುವ ಸ್ನೇಹಿತ ‘ಒಂದು ವಾರ ಕೊಡು, ಕನ್ನಡಿ ಥರ ಮಾಡಿಕೊಡ್ತೀನಿ, ಕುದುರೆನೂ ಓಡೋ ಹಾಗೆ ಮಾಡ್ತೀನಿ’ ಎನ್ನುತ್ತಾನೆ. ಇವಕ್ಕೆ ಎಷ್ಟು ಬೆಲೆ ಬರಬಹುದು? ಮೊದಲಿನ ಹಾಗೆ ಮಾಡಿಸಬಹುದೆ? ಆಫೀಸಿನ ಕೊಡಗಿನ ಗೆಳೆಯನ ಮನೆಯ ಕೋವಿಗಳಿಗೆ ಲೈಸೆನ್ಸೇ ಬೇಡವಂತೆ, ನಮಗೆ ಮಾತ್ರ ಏಕೆ?
– ಒಬ್ಬ ಓದುಗ, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಕೇಳದೆ ಬಿಟ್ಟ ಎರಡಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದು, ಆ ಕೋವಿಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೊರಡಬೇಡಿ. ಎರಡು, ಪೀಣ್ಯದ ಸ್ನೇಹಿತರಿಗೆ ಕಾಫಿ ಕುಡಿಸಿ, ಕೋವಿ ಕೊಡಬೇಡಿ. ಕಾರಣ ಮುಂದೆ ಬರುತ್ತದೆ. ಅದಕ್ಕೂ ಮುಂಚೆ ನಮ್ಮ ಮನೆಯದೇ ಒಂದು ಸಂಗತಿ.

ನಮ್ಮ ದೊಡ್ಡಪ್ಪನದು ಕೇಪಿನ ಕೋವಿ, ಅದೂ ಬಾಯಿಯಿಂದ ಮದ್ದು ತುಂಬುವುದೇ. ತೋಟಕ್ಕೆ ಹಂದಿ, ಮಂಗ ಬಂದರೆ ಬೆದರಿಸಲೆಂದು ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಇಟ್ಟುಕೊಂಡದ್ದು. ಅವರು ಹೋದ ಮೇಲೆ ಲೈಸೆನ್ಸ್ ಅಣ್ಣನ ಹೆಸರಿಗಾಯಿತು, ಕೋವಿ ಮಾತ್ರ ನಡುಮನೆಯ ಬಾಗಿಲ ಹಿಂದಿನ ಮೂಲೆ ಬಿಟ್ಟು ಕದಲಲಿಲ್ಲ. ವರ್ಷಗಳ ನಂತರ, ನಳಿಗೆಗೆ ತುಕ್ಕು ಬಂತೆಂದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಬಳಿ ಒಯ್ದೆವು. ವಯಸ್ಸಾದವರು. ಅವರು ತುಕ್ಕು ನೋಡಲಿಲ್ಲ, ಮರದ ಹಿಡಿಯನ್ನೂ ನೋಡಲಿಲ್ಲ. ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ, ತೆಳ್ಳನೆಯ ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಹಿಡಿದರು. ಕಡ್ಡಿ ಹೊರಗೆಳೆದು ಅದೇ ಅಳತೆಯನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿದರು. ಕಡ್ಡಿಯ ತುದಿ ಕೇಪು ಕೂರಿಸುವ ಜಾಗದವರೆಗೆ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತಿತು.

‘ತುಂಬಿದೆ’ ಅಂದರು.

ಅಣ್ಣನ ಮಕ್ಕಳು ಮಳೆಗಾಲದ ರಜೆಯಲ್ಲಿ ಆ ಕೋವಿಯನ್ನು ಹೆಗಲಿಗೇರಿಸಿಕೊಂಡು ಜಗಲಿಯ ಮೇಲೆ ಕವಾಯತು ಮಾಡಿದ್ದು ನೆನಪಾಗಿ ನಮ್ಮಿಬ್ಬರಿಗೂ ಬಾಯಿ ಒಣಗಿತು. ದೊಡ್ಡಪ್ಪ ಯಾವುದೋ ರಾತ್ರಿ ಹಂದಿಗೆಂದು ಮದ್ದು ಜಡಿದಿದ್ದಾರೆ, ಹಂದಿ ಬಂದಿಲ್ಲ, ಈಡು ಹಾಗೇ ಉಳಿದಿದೆ. ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಒಣಗಿದ್ದರೆ ಎಷ್ಟು ದಶಕವಾದರೂ ಕಿಡಿ ತಾಗಿದ ಕೂಡಲೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಅಟ್ಟದ ಆ ಉದ್ದನೆಯ ಕೋವಿ ತುಂಬಿಯೇ ಇದೆ ಎಂದುಕೊಂಡೇ ನಡೆದುಕೊಳ್ಳಿ. ಬಾಯಿಗೆ ಕಣ್ಣಿಟ್ಟು ನೋಡಬೇಡಿ, ಅಂಟಿಕೊಂಡ ಕುದುರೆಯನ್ನು ಸುತ್ತಿಗೆಯಿಂದ ತಟ್ಟಬೇಡಿ, ಬಿಸಿ ಮಾಡಬೇಡಿ. ಕಡ್ಡಿಯ ಪರೀಕ್ಷೆಯನ್ನೂ ನೀವೇ ಮಾಡಲು ಹೋಗಬೇಡಿ, ಅದು ಬಲ್ಲವರ ಕೆಲಸ. ಜೋಡಿ ನಳಿಗೆಯದರಲ್ಲಿ ತೋಟೆ ಉಳಿದಿರಬಹುದು ಎಂಬ ಎಚ್ಚರವೂ ಇರಲಿ.

ರೈಫಲ್ಲೋ, ಬರೀ ಕೋವಿಯೋ?

ನೀವು ಎರಡನ್ನೂ ರೈಫಲ್ ಎಂದು ಬರೆದಿದ್ದೀರಿ. ಮಲೆನಾಡಿನ ಮನೆಗಳಲ್ಲಿ ಹಿರಿಯರಿಂದ ಬಂದ ಹತ್ಯಾರುಗಳಲ್ಲಿ ನಿಜವಾದ ರೈಫಲ್ ಕಡಿಮೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿದ್ದರೆ ಮಾತ್ರ ಅದು ರೈಫಲ್. ಆ ಗೀರು ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ನೇರ ಕಳಿಸುತ್ತದೆ. ಒಳಗೆ ಗಾಜಿನ ಲೋಟದಂತೆ ನುಣುಪಾಗಿದ್ದರೆ ಅದು ಚರೆ ಹೊಡೆಯುವ ಕೋವಿ, ಮಾಮೂಲಿಯಾಗಿ 12 ಬೋರಿನದು. ಬಾಯಿಯಿಂದ ತುಂಬುವವುಗಳಲ್ಲೂ 1853ರ ಎನ್‌ಫೀಲ್ಡ್‌ನಂಥ ರೈಫಲ್‌ಗಳು ಇದ್ದವು. ಅವುಗಳ ಗೀರನ್ನು ಉಜ್ಜಿ ನುಣುಪು ಮಾಡಿ ಚರೆ ಕೋವಿಯಾಗಿಸಿಕೊಂಡದ್ದೂ ಉಂಟು. ನೋಡುವುದನ್ನು ಕೋವಿ ಖಾಲಿ ಎಂದು ಬಲ್ಲವರು ಹೇಳಿದ ಮೇಲೆ ನೋಡಿ.

ಈ ಭೇದ ಬರೀ ಹೆಸರಿನದಲ್ಲ, ಲೈಸೆನ್ಸಿನ ವರ್ಗವೂ ಬೆಲೆಯೂ ಅದರ ಮೇಲೆಯೇ ನಿಲ್ಲುತ್ತದೆ. ನಳಿಗೆಯ ಮೇಲೆ .303 ಎಂದಿದ್ದರೆ ಇನ್ನೂ ಜಾಗ್ರತೆ ಬೇಕು. ಎರಡು ಮಹಾಯುದ್ಧ ಕಂಡ ಲೀ-ಎನ್‌ಫೀಲ್ಡ್ ಬಳಸಿದ್ದು ಅದೇ ತೋಟೆಯನ್ನು, ಸೇನೆ-ಪೊಲೀಸರ ತೋಟೆಯಾದ್ದರಿಂದ ಅದು ನಮ್ಮಲ್ಲಿ ನಿಷೇಧಿತ ಬೋರ್. ಅದರ ಲೈಸೆನ್ಸ್ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಹತ್ತಿರ ಇದೆ.

‘ರಿಪೇರಿ’ ಎಂಬ ಒಂದು ಮಾತು

ಈಗ ಪೀಣ್ಯಕ್ಕೆ ಬರೋಣ. ನಿಮ್ಮ ಸ್ನೇಹಿತರ ಕೈಚಳಕದ ಮೇಲೆ ನನಗೆ ಅನುಮಾನವೇ ಇಲ್ಲ. ವಿಮಾನದ ಬಿಡಿಭಾಗ ತಿರುಗಿಸುವ ಲೇತ್‌ಗಳಿರುವ ಜಾಗ ಅದು. ಮುರಿದ ಸ್ಪ್ರಿಂಗು, ಸವೆದ ಸ್ಕ್ರೂ, ಕೇಪು ಕೂರಿಸುವ ಮೊಳೆ, ಎಲ್ಲವನ್ನೂ ಮಧ್ಯಾಹ್ನದ ಊಟದೊಳಗೆ ಮಾಡಿ ಕೊಟ್ಟಾರು. ತೊಂದರೆ ಇರುವುದೇ ಅಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸಲು, ಮಾರಲು ಎಷ್ಟು ಲೈಸೆನ್ಸ್ ಬೇಕೋ ರಿಪೇರಿ ಮಾಡಲೂ ಅಷ್ಟೇ ಬೇಕು. ಕೋವಿಯ ಬಿಡಿಭಾಗವನ್ನೂ ಕಾಯ್ದೆ ಶಸ್ತ್ರವೆಂದೇ ಎಣಿಸುತ್ತದೆ. 2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದೆ ತಯಾರಿ-ರಿಪೇರಿ ಮಾಡಿದರೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಸ್ನೇಹಕ್ಕೆ ಕೇಳುವ ಉಪಕಾರ ಇದಲ್ಲ.

‘ಹಳೆಯ ಕಾಲದ್ದಲ್ಲವೆ, ಕಾನೂನು ಅನ್ವಯಿಸುವುದಿಲ್ಲ’ ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅರ್ಧ ಸತ್ಯ. ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಓಬೀರಾಯನ ಕಾಲದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ, ಆದರೆ ಒಂದು ಷರತ್ತಿನ ಮೇಲೆ: ಅದು ರಿಪೇರಿ ಮಾಡದೆಯೂ, ರಿಪೇರಿ ಮಾಡಿದರೂ ಗುಂಡು ಹಾರಿಸುವಂತಿರಬಾರದು. ಕುದುರೆ ತುಕ್ಕು ಹಿಡಿದಿದೆ ಎಂಬುದು ಇಲ್ಲಿ ಸಾಲದು, ತುಕ್ಕು ಬಿಡಿಸಿದರೆ ಅದು ಹೊಡೆಯುತ್ತದಲ್ಲ! ನಿಮ್ಮ ಸ್ನೇಹಿತರು ‘ಓಡೋ ಹಾಗೆ ಮಾಡ್ತೀನಿ’ ಎಂದರಲ್ಲ, ಆ ಮಾತೇ ನಿಮ್ಮ ಕೋವಿ ವಿನಾಯಿತಿಗೆ ಹೊರಗೆ ಎನ್ನುವುದಕ್ಕೆ ಸಾಕ್ಷಿ. ನಿಜಕ್ಕೂ ಅದು ಸತ್ತ ಕಬ್ಬಿಣವೇ ಆಗಿದ್ದರೆ ಹಾಗೆಂದು ನೀವು ತೀರ್ಮಾನಿಸುವಂತಿಲ್ಲ. ಬಲ್ಲ ತಜ್ಞರಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಇನ್ನು ಅಜ್ಜನ ಲೈಸೆನ್ಸ್ ಪುಸ್ತಕ. ಅದು ಅಜ್ಜನ ಜೊತೆಗೇ ಮುಗಿಯಿತು. ಕೋವಿ ಆಸ್ತಿಯಾಗಿ ವಾರಸುದಾರರಿಗೆ ಬರುತ್ತದೆ, ಇಟ್ಟುಕೊಳ್ಳುವ ಹಕ್ಕು ಮಾತ್ರ ಹಾಗೆ ಬರುವುದಿಲ್ಲ. ಲೈಸೆನ್ಸುದಾರ ತೀರಿಕೊಂಡಾಗ ಮನೆಯವರು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಕೋವಿ ವ್ಯಾಪಾರಿಗೋ ಒಪ್ಪಿಸಿ ರಸೀತಿ ಪಡೆಯಬೇಕು ಎನ್ನುತ್ತದೆ 21ನೇ ಸೆಕ್ಷನ್. ನಿಮ್ಮಲ್ಲಿ ಎರಡು ವರ್ಷ ಕಳೆದಿದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದಕ್ಕೆ ಈಗ ಕನಿಷ್ಠ 2 ವರ್ಷದ ಶಿಕ್ಷೆ ಇದೆ. ಗಾಬರಿ ಬೀಳಬೇಡಿ, ಆದರೆ ಇನ್ನೊಂದು ಹಬ್ಬದವರೆಗೆ ಎಂದು ಮುಂದೂಡಬೇಡಿ. ಮೊದಲು ಊರಿನ ವಕೀಲರೊಬ್ಬರನ್ನು ಕಂಡು, ಠಾಣೆಗೆ ಕೋವಿಯ ಮುಂಚೆ ಒಂದು ಅರ್ಜಿ ಹೋಗುವಂತೆ ಮಾಡಿ: ಅಟ್ಟ ಖಾಲಿ ಮಾಡುವಾಗ ಸಿಕ್ಕಿತು, ಇಂಥವರ ಲೈಸೆನ್ಸಿನದು, ಒಪ್ಪಿಸುತ್ತಿದ್ದೇವೆ, ವಾರಸು ಲೈಸೆನ್ಸಿಗೆ ಅರ್ಜಿ ಹಾಕುತ್ತೇವೆ ಎಂದು. ಪುಸ್ತಕದಲ್ಲಿ ಎರಡೂ ಕೋವಿಗಳ ವಿವರ ದಾಖಲಾಗಿದೆಯೆ, ಒಂದರದು ಮಾತ್ರವೆ ಎಂದು ವಕೀಲರೊಂದಿಗೆ ಕೂತು ನೋಡಿ. ದಾಖಲಾಗದ ಕೋವಿಯ ದಾರಿ ಬೇರೆ.

ಹಿರಿಯರ ಕೋವಿ ಕಿರಿಯರಿಗೆ ಬರುವುದಕ್ಕೆಂದೇ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೇ ನಿಯಮವಿದೆ. ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆ, ಇವಿಷ್ಟನ್ನು ಸೇರಿಸಿ ಅರ್ಜಿ ಹಾಕಬೇಕು. ಅಂದರೆ ಚಿಕ್ಕಪ್ಪ ‘ನೀನೇ ಇಟ್ಕೊ’ ಎಂದು ಬಾಯಲ್ಲಿ ಹೇಳಿದ್ದನ್ನು ಅಫಿಡವಿಟ್ಟಿನಲ್ಲೂ ಹೇಳಬೇಕು. ಊರಲ್ಲೇ ಇರುವ ಚಿಕ್ಕಪ್ಪ ಅರ್ಜಿ ಹಾಕಿದರೆ ಹಾಸನ ಜಿಲ್ಲಾಧಿಕಾರಿಗಳ ಕಚೇರಿ, ಬೆಂಗಳೂರಿನ ವಿಳಾಸದಲ್ಲಿ ನೀವು ಹಾಕಿದರೆ ನಗರ ಪೊಲೀಸ್ ಕಮಿಷನರ ಕಚೇರಿ. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಹಂದಿಯೂ ಇಲ್ಲ, ಕಾಫಿ ತೋಟವೂ ಇಲ್ಲ. ನನ್ನನ್ನು ಕೇಳಿದರೆ ಲೈಸೆನ್ಸ್ ಚಿಕ್ಕಪ್ಪನ ಹೆಸರಿಗೇ ಆಗಲಿ, ಕೋವಿ ಊರಲ್ಲೇ ಇರಲಿ. ಒಂದು ಮಾತು ನೆನಪಿಡಿ: 1983ರಿಂದ ಒಬ್ಬರಿಗೆ ಮೂರು ಎಂದಿದ್ದ ಮಿತಿ 2019ರಲ್ಲಿ ಎರಡಕ್ಕೆ ಇಳಿದಿದೆ, ವಾರಸಿನಲ್ಲಿ ಬಂದದ್ದನ್ನೂ ಸೇರಿಸಿ.

ಕೊಡಗಿನ ಗೆಳೆಯನ ಕೋವಿ

ನಿಮ್ಮ ಗೆಳೆಯ ಹೇಳಿದ್ದು ನಿಜ. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಹೊರಗಿಟ್ಟರು. ಬೆಂಗಳೂರಿನ ಪಾರ್ಕಿಗೆ ಹೆಸರು ಕೊಟ್ಟ ಕಬ್ಬನ್ ಅವರೇ. ಆ ವಿನಾಯಿತಿ ಸ್ವತಂತ್ರ ಭಾರತದ ಕಾಯ್ದೆಯ 41ನೇ ಸೆಕ್ಷನ್ನಿನಡಿ ಮುಂದುವರಿದು, ಸದ್ಯ 2029ರ ಅಕ್ಟೋಬರ್ ಅಂತ್ಯದವರೆಗೆ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಜನಾಂಗಕ್ಕೂ ಹಿಡುವಳಿಗೂ ಅಂಟಿದ ವಿನಾಯಿತಿ ಅದು, ಗಡಿ ದಾಟಿ ಸಕಲೇಶಪುರಕ್ಕೆ ಬರುವುದಿಲ್ಲ. ಅವರ ಮನೆಯಲ್ಲೂ ಅದಕ್ಕೆ ಪ್ರಮಾಣಪತ್ರವಿದೆ, ಷರತ್ತುಗಳಿವೆ. ಆ ಹಕ್ಕನ್ನು ನಿಮಗೆ ಎರವಲು ಕೊಡಲು ಗೆಳೆಯನಿಗೂ ಬಾರದು.

ಆದರೆ ಗೆಳೆಯನಿಂದ ನೀವು ಕಲಿಯಬಹುದಾದದ್ದು ಬೇರೊಂದಿದೆ. ಪ್ರತಿ ವರ್ಷ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ಕೊಡವರ ಮನೆಗಳಲ್ಲಿ ಏನು ಮಾಡುತ್ತಾರೆ, ಕೇಳಿ ನೋಡಿ. ನಾಟಿ ಮುಗಿಸಿ ಕೈ ತೊಳೆದ ಮೇಲಿನ ಹಬ್ಬ ಅದು. ಕೋವಿ, ಕತ್ತಿಗಳನ್ನು ಹೊರತೆಗೆದು ಒರೆಸಿ, ಕೆಂಪು-ಹಳದಿ ನಾಲಗೆಯಂಥ ತೋಕ್ ಪೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವ ತಕ್ಕಿನಲ್ಲಿ ತೋಕ್ ಅಂದರೆ ಕೋವಿ, ನಮ್ಮ ಕಡೆ ಅದೇ ಹೂವಿಗೆ ಗೌರಿ ಹೂವು ಎನ್ನುವುದುಂಟು. ಮಳೆಗಾಲದ ಶೀತ ಕುಡಿದ ಕಬ್ಬಿಣವನ್ನು ವರ್ಷಕ್ಕೊಮ್ಮೆ ತಪ್ಪದೆ ಬಿಚ್ಚಿ ಒರೆಸುವ ಈ ಪದ್ಧತಿಗಿಂತ ಒಳ್ಳೆಯ ಸಂರಕ್ಷಣೆಯನ್ನು ಯಾವ ಮ್ಯೂಸಿಯಂ ಹೇಳಿಕೊಡುತ್ತದೆ? ಅಲ್ಲಿ ಕೋವಿ ಹೊಳೆಯುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಕೈ ತಾಗಿ ತಾಗಿ ನಯವಾಗಿರುತ್ತದೆ.

ಬೆಲೆ ಎಲ್ಲಿ ಕೂತಿದೆ?

ಹಳೆಯ ಕೋವಿಯ ಬೆಲೆ ಕಬ್ಬಿಣದಲ್ಲೂ ಇಲ್ಲ, ಮರದಲ್ಲೂ ಇಲ್ಲ. ಅದು ಗುರುತುಗಳಲ್ಲೂ ಕಾಗದದಲ್ಲೂ ಇದೆ. ‘ಇಂಗ್ಲಿಷಿನಲ್ಲಿ ಏನೋ ಕೆತ್ತಿದೆ’ ಎಂದು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಆ ‘ಏನೋ’ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಉತ್ತರ.

ಅಲ್ಲಿ ಸಾಮಾನ್ಯವಾಗಿ ತಯಾರಕರ ಹೆಸರಿರುತ್ತದೆ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್, ವೆಸ್ಟ್ಲಿ ರಿಚರ್ಡ್ಸ್. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿ. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ. ಹೆಸರಿನ ಜೊತೆ ಒಂದು ಸಂಖ್ಯೆ ಇರುತ್ತದೆ. ಇಂಗ್ಲೆಂಡಿನ ದೊಡ್ಡ ಮನೆತನಗಳು ತಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ಕಾದಿಟ್ಟುಕೊಂಡಿವೆ. ಸಂಖ್ಯೆ ಬರೆದು ಕೇಳಿದರೆ ಕೋವಿ ಯಾವ ವರ್ಷ ಮುಗಿಯಿತು, ಮೊದಲು ಯಾರಿಗೆ ಹೋಯಿತು ಎಂದು ಹುಡುಕಿ ಹೇಳುವುದುಂಟು. ನಿಮ್ಮ ಅಜ್ಜನಿಗೆ ಅದು ಯಾವುದಾದರೂ ಬಿಳಿಯ ಎಸ್ಟೇಟ್ ಮಾಲೀಕನಿಂದ ಬಂದಿದ್ದರೆ ಸರಪಣಿಯ ಮೊದಲ ಕೊಂಡಿ ಅಲ್ಲಿ ಸಿಕ್ಕಬಹುದು.

ನಳಿಗೆಯ ಅಡಿಯಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಅವು ಪರೀಕ್ಷಾ ಮುದ್ರೆ. ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ, ನಳಿಗೆ ಸೀಳದಿದ್ದರೆ ಒತ್ತುವ ಗುರುತು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಮುದ್ರೆಗಳಲ್ಲಿ ಕಿರೀಟ ಇರುತ್ತದೆ, ಬೆಲ್ಜಿಯಮ್ಮಿನ ಲಿಯೇಜ್‌ನದರಲ್ಲಿ ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಅಕ್ಷರಗಳು. ಬೋರಿನ ಅಂಕಿಯೂ ಕಾಲ ಹೇಳುತ್ತದೆ. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಬೋರಿನ ತೋಟೆ ಭಾರತಕ್ಕೆ ಬರುವುದನ್ನು ತಡೆಯಿತು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಬಂಡುಕೋರರ ಕೈ ಸೇರಿದ್ದು, ಆ ತೋಟೆ ಅವಕ್ಕೆ ಒದಗೀತೆಂಬ ಹೆದರಿಕೆ. ಶಿಕಾರಿಯ ದೊರೆಗಳು ಸುಮ್ಮನಿರುತ್ತಾರೆಯೆ? ಕಂಪನಿಗಳು .470ರಂಥ ಹೊಸ ಬೋರುಗಳನ್ನು ಹುಟ್ಟಿಸಿದವು. ಹಾಗಾಗಿ ನಳಿಗೆಯ ಮೇಲಿನ ಒಂದು ಅಂಕಿ ಸಾಕು, ಕೋವಿಯ ಹುಟ್ಟು 1907ರ ಇತ್ತಲಿನದೋ ಅತ್ತಲಿನದೋ ತಿಳಿಯಲು.

ನಕಲಿಗೂ ಇದೇ ಗುರುತು ಶತ್ರು. ವೈಟ್‌ಫೀಲ್ಡಿನ ವಿಲ್ಲಾಗಳ ಗೋಡೆಯಲ್ಲಿ ಇತ್ತೀಚೆಗೆ ‘ಕಂಪನಿ ಕಾಲದ’ ಬಂದೂಕು ತೂಗುಹಾಕುವ ಶೋಕಿ ಕಾಣುತ್ತದೆ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಜಾಗ ಕೊಟ್ಟು ಬೆಳೆದ ಊರಾದ್ದರಿಂದ ಕತೆಗೆ ಒಂದು ಬೇರು ಇದೆ ಎನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ವಿಕ್ಟೋರಿಯಾ ರಾಣಿಯ ವಿ.ಆರ್. ಮುದ್ರೆಯ ಕೆಳಗೆ 1908 ಎಂದಿರುತ್ತದೆ. ರಾಣಿ ತೀರಿಕೊಂಡದ್ದು 1901ರಲ್ಲಿ.

ಇನ್ನು ಕಾಗದ. ಕೆನೆತ್ ಆಂಡರ್ಸನ್ ಗೊತ್ತಲ್ಲ, ತೇಜಸ್ವಿಯವರಿಂದ ಕನ್ನಡದ ಮನೆಮಾತಾದ ಕಾಡಿನ ಕತೆಗಳವರು. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿಕೊಂಡು ನರಭಕ್ಷಕಗಳ ಬೆನ್ನು ಹತ್ತುತ್ತಿದ್ದ ಆತನ ಕೈಯಲ್ಲಿದ್ದದ್ದು .405 ಬೋರಿನ ವಿಂಚೆಸ್ಟರ್. ಅದೇ ಮಾದರಿಯ, ಅದೇ ವರ್ಷದ ಎರಡು ವಿಂಚೆಸ್ಟರ್ ಮೇಜಿನ ಮೇಲಿವೆ ಎಂದುಕೊಳ್ಳಿ. ಒಂದರ ಜೊತೆ ಆಂಡರ್ಸನ್ ಹೆಸರಿನ ಲೈಸೆನ್ಸ್ ಪುಸ್ತಕವಿದ್ದರೆ ಎರಡರ ಬೆಲೆ ಒಂದೇ ಆದೀತೆ? ಬೇಟೆಗಾರ ಜಿಮ್ ಕಾರ್ಬೆಟ್‌ನ ರಿಗ್ಬಿ ರೈಫಲ್ ಇವತ್ತಿಗೂ ಗುರುತಿಗೆ ಸಿಕ್ಕುವುದು ಚಂಪಾವತ್‌ನ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಕೊಟ್ಟದ್ದೆಂದು ಹೇಳುವ ಬೆಳ್ಳಿಯ ತಗಡು ಅದರ ಹಿಡಿಯಲ್ಲಿರುವುದರಿಂದ. ನಿಮ್ಮ ಅಜ್ಜ ಆಂಡರ್ಸನ್ ಅಲ್ಲ, ಸರಿ. ಆದರೂ ಅವರ ಲೈಸೆನ್ಸ್ ಪುಸ್ತಕ, ಕೊಂಡ ರಸೀತಿ, ಕೋವಿ ಹಿಡಿದು ನಿಂತ ಒಂದು ಫೋಟೊ, ಇವುಗಳನ್ನು ಕೋವಿಯಿಂದ ಬೇರೆ ಮಾಡಬೇಡಿ.

ರೂಪಾಯಿಯ ಲೆಕ್ಕಕ್ಕೆ ಬಂದರೆ ಕನಸನ್ನು ಸ್ವಲ್ಪ ಇಳಿಸಿಕೊಳ್ಳಿ. 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಟಿಪ್ಪು ಕಾಲದ ಬೆಳ್ಳಿ ಕಟ್ಟಿದ ಒಂದು ಕೋವಿ 60,000 ಪೌಂಡಿಗೆ ಹೋಯಿತು. ಅದು ಶ್ರೀರಂಗಪಟ್ಟಣದ ಲೂಟಿಯ ಚರಿತ್ರೆಯನ್ನು ಬೆನ್ನಿಗೆ ಕಟ್ಟಿಕೊಂಡಿತ್ತು, ಇಂಗ್ಲೆಂಡಿನಲ್ಲೇ ಇತ್ತು. ನಮ್ಮಲ್ಲಿ ನೂರು ವರ್ಷ ದಾಟಿದ, ಕುಸುರಿಯ ಅಥವಾ ಚಾರಿತ್ರಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಪುರಾತನ ವಸ್ತುಗಳ 1972ರ ಕಾಯ್ದೆ ಅದನ್ನು ತಡೆಯುತ್ತದೆ. ಲಂಡನ್ನಿನ ಬೆಲೆ ಲಂಡನ್ನಿನದೇ. ಇಲ್ಲಿ ಕೊಳ್ಳುವವರಿಗೂ ಲೈಸೆನ್ಸ್ ಬೇಕು, ಅವರ ಎರಡರ ಮಿತಿಯಲ್ಲಿ ಜಾಗ ಖಾಲಿ ಇರಬೇಕು. ಮೂರನೆಯದನ್ನು ಬಿಡಬೇಕಾಗಿ ಬಂದವರು ಎಷ್ಟೋ ಮಂದಿ, ಕೊಳ್ಳುವವರು ಕೆಲವೇ ಮಂದಿ. ಹಾಗಾಗಿ ಹೆಸರಿಲ್ಲದ ಮಾಮೂಲಿ ಕೋವಿಗೆ ನಮ್ಮ ಮಾರುಕಟ್ಟೆಯಲ್ಲಿ ಬೆಲೆಗಿಂತ ತೊಡಕೇ ಹೆಚ್ಚು. ಒಳ್ಳೆಯ ಇಂಗ್ಲಿಷ್ ಜೋಡಿ ನಳಿಗೆಗೆ, ಅದರ ಮೂಲ ಪೆಟ್ಟಿಗೆಯೂ ಕಾಗದವೂ ಕೂಡಿದ್ದರೆ, ಈಗಲೂ ಕಣ್ಣರಳಿಸುವವರಿದ್ದಾರೆ. ಫೋಟೊ ನೋಡಿ ಫೋನಿನಲ್ಲಿ ಲಕ್ಷಗಳ ಮಾತಾಡುವವರನ್ನು ನಂಬಬೇಡಿ. ಹಿಡಿಯಲ್ಲಿ ಆನೆದಂತದ ಕೂಡಿಕೆ ಇದ್ದರೆ ವನ್ಯಜೀವಿ ಕಾಯ್ದೆಯ ಇನ್ನೊಂದು ಬಾಗಿಲು ತೆರೆಯುತ್ತದೆ, ಅದನ್ನೂ ವಕೀಲರಿಗೆ ಹೇಳಿ.

ಕನ್ನಡಿ ಬೇಡ

ಪೀಣ್ಯದ ಬಫ್ ಚಕ್ರಕ್ಕೆ ಕೋವಿ ಕೊಟ್ಟರೆ ಏನಾಗುತ್ತದೆ? ಎರಡು ನಿಮಿಷದಲ್ಲಿ ತುಕ್ಕು ಹೋಗುತ್ತದೆ. ಮೂರನೇ ನಿಮಿಷಕ್ಕೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ನಾಲ್ಕನೆಯದಕ್ಕೆ ಹೆಸರು ಮಸುಕಾಗುತ್ತದೆ, ಐದಕ್ಕೆ ಸಂಖ್ಯೆ ಮಾಯ. ಬೆಲೆ ಅಲ್ಲಿಗೆ ಹೋಯಿತು. ಮೇಲಾಗಿ ಕೋವಿಯ ಮೇಲಿನ ಹೆಸರು, ಸಂಖ್ಯೆ, ಗುರುತನ್ನು ಅಳಿಸುವುದೇ 8ನೇ ಸೆಕ್ಷನ್ ಪ್ರಕಾರ ಅಪರಾಧ. ಹೊಳಪಿಗೆ ಉಜ್ಜಿದ್ದೆವು ಎಂಬ ಉತ್ತರವನ್ನು ಠಾಣೆಯಲ್ಲಿ ಯಾರು ಕೇಳುತ್ತಾರೆ?

ಹಳೆಯ ಜೋಡಿ ನಳಿಗೆಗಳಲ್ಲಿ ಕೆಲವು ಡಮಾಸ್ಕಸ್ ನಳಿಗೆ. ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಮಾಡಿದ್ದು. ಮೇಲ್ಮೈಯಲ್ಲಿ ನೀರಿನ ಸುಳಿಯಂಥ ಚಿತ್ತಾರ ಕಾಣುತ್ತದೆ. ಆ ಚಿತ್ತಾರವನ್ನು ಮೇಲೆದ್ದು ಕಾಣಿಸುವುದು ಹದವಾಗಿ ಹಿಡಿಸಿದ ಕಂದು ಬಣ್ಣ. ಉಜ್ಜಿದರೆ ಬರೀ ಬಿಳಿ ಕೊಳವೆ ಉಳಿಯುತ್ತದೆ. ‘ಹೊಸದಾಗಿ ಬ್ಲೂಯಿಂಗ್ ಮಾಡಿಸಿ’ ಎನ್ನುವವರೂ ಸಿಗುತ್ತಾರೆ. ಕುದಿಯುವ ಕ್ಷಾರದಲ್ಲಿ ಅದ್ದುವ ಆ ವಿಧಾನ ಎರಡು ನಳಿಗೆಗಳನ್ನು ಕೂಡಿಸಿದ ಬೆಸುಗೆಯನ್ನೇ ತಿನ್ನುತ್ತದೆ. ಕರಿಮದ್ದಿನ ಕಾಲದ ಇಂಥ ನಳಿಗೆಗೆ ಈಗಿನ ತೋಟೆ ಹಾಕಿ ‘ನೋಡೋಣ’ ಎನ್ನುವವರ ಕೈ, ಕಣ್ಣು ಎರಡೂ ಹೋಗಬಹುದು.

ಹಾಗಾದರೆ ಮಾಡಬೇಕಾದ್ದೇನು? ಲೈಸೆನ್ಸ್ ಆದ ಮೇಲೆ, ಕೋವಿ ಖಾಲಿ ಎಂದು ಖಚಿತವಾದ ಮೇಲೆ, ಬಹಳ ಕಡಿಮೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿ ಬಟ್ಟೆಗೆ ಹಾಕಿ ಒರೆಸಿ, ಒಂದು ರಾತ್ರಿ ಬಿಟ್ಟು ಮತ್ತೆ ಒರೆಸಿ. ಸಡಿಲವಾದ ಕೆಂಪು ತುಕ್ಕು ಬಟ್ಟೆಗೆ ಬರುತ್ತದೆ, ಗಟ್ಟಿಯಾದ ಕಂದು ಪದರ ಉಳಿಯುತ್ತದೆ. ಅದು ಉಳಿಯಲಿ, ಅದೇ ಅದರ ವಯಸ್ಸು. ಎಮರಿ ಪೇಪರ್, ಹುಣಸೆಹಣ್ಣು, ಆಸಿಡ್ ಯಾವುದೂ ಹತ್ತಿರ ಬರಬಾರದು. ಊರಲ್ಲಿ ತೆಂಗಿನೆಣ್ಣೆ ಸವರುವ ರೂಢಿ ಇದೆ. ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಮರದ ಹಿಡಿಗೆ ಬೇಯಿಸಿದ ಅಗಸೆ ಎಣ್ಣೆಯ ಎರಡು ಹನಿ ಅಂಗೈಯಲ್ಲಿ ತಿಕ್ಕಿ ಹಚ್ಚಿದರೆ ಸಾಕು, ವಾರ್ನಿಷ್ ಬೇಡ. ಸ್ಕ್ರೂ ಬಿಚ್ಚಬೇಡಿ. ಮನೆಯ ಸ್ಕ್ರೂಡ್ರೈವರಿಗೆ ಅವುಗಳ ತೆಳು ಸೀಳು ಹೊಂದುವುದಿಲ್ಲ, ತಲೆ ಕಿತ್ತುಹೋದ ಸ್ಕ್ರೂ ಕಂಡರೆ ಬಲ್ಲವರು ಅಲ್ಲೇ ಬೆಲೆ ಇಳಿಸುತ್ತಾರೆ. ಚರ್ಮದ ಚೀಲದಲ್ಲೂ ಗೋಣಿಯಲ್ಲೂ ಸುತ್ತಿಡಬೇಡಿ, ಎರಡೂ ಶೀತ ಹಿಡಿದಿಡುತ್ತವೆ. ಮುಟ್ಟಿದ ಮೇಲೆ ಒರೆಸಿಡಿ, ಬೆರಳ ಬೆವರಿನ ಉಪ್ಪಿಗೆ ಒಂದು ಮಳೆಗಾಲ ಸಾಕು. ಕುದುರೆ ಬಿಡಿಸುವ ಕೆಲಸವೇ ಬೇಕಾದರೆ ಲೈಸೆನ್ಸ್ ಇರುವ ರಿಪೇರಿಯವರಿದ್ದಾರೆ, ಅವರ ಕಡೆಯೇ ಹೋಗಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಡೀಲರ್ ಬಳಿಯೋ ಇಡಬೇಕಾಗುತ್ತದೆ. ಒಳ್ಳೆಯ ಎಣ್ಣೆ ಕೈ ಹಾಕಿ, ಫೋಟೊ ತೆಗೆದು, ಸಂಖ್ಯೆ ಬರೆದ ರಸೀತಿ ಪಡೆದು ಕೊಡಿ. ನಮ್ಮದು ಒಮ್ಮೆ ಮೂರು ತಿಂಗಳು ಒಳಗಿದ್ದು ಅರಿಸಿನ ಮೆತ್ತಿದ ಹಾಗೆ ಹೊರಗೆ ಬಂತು.

ದೊಡ್ಡಪ್ಪನ ಕೋವಿಯ ಕತೆ ಮುಗಿಸುತ್ತೇನೆ. ಆ ಹಿರಿಯರು ನಳಿಗೆಗೆ ನೀರು ಹೊಯ್ದು ಒಂದು ದಿನ ನೆನೆಸಿಟ್ಟು, ತುದಿಯಲ್ಲಿ ತಿರುಪಿರುವ ಸರಳಿನಿಂದ ಒಳಗಿದ್ದುದನ್ನು ಒಂದೊಂದಾಗಿ ಎಳೆದರು. ಮೊದಲು ತೆಂಗಿನ ನಾರು, ಆಮೇಲೆ ಚರೆ, ಮತ್ತೆ ನಾರು, ಅದರ ಜೊತೆ ಮುದ್ದೆಯಾದ ಒಂದು ಕಾಗದ, ಕೊನೆಗೆ ಕಪ್ಪು ರಾಡಿ. ಮದ್ದನ್ನು ಬಿಗಿ ಮಾಡಲು ದೊಡ್ಡಪ್ಪ ಕೈಗೆ ಸಿಕ್ಕ ಕಾಗದ ಹರಿದು ತುರುಕಿದ್ದರು. ಬಿಡಿಸಿ ಒಣಗಿಸಿದೆವು. ತೋಟದ ಶನಿವಾರದ ಬಟವಾಡೆ ಚೀಟಿ. ಅವರ ಓರೆ ಅಕ್ಷರದಲ್ಲಿ ‘ಹೆಣ್ಣಾಳು 4, ದಿನ 5’ ಎಂದು ಅರ್ಧ ಸಾಲು, ಪಕ್ಕದಲ್ಲಿ ಮದ್ದಿನ ಮಸಿ. ಕೋವಿ ಈಗ ಅಣ್ಣನ ಮನೆಯ ಬೀರುವಿನಲ್ಲಿದೆ. ಅದನ್ನು ಕೊಳ್ಳಲು ಯಾರೂ ಬಂದಿಲ್ಲ, ಬರುವುದೂ ಇಲ್ಲ. ಆ ಚೀಟಿಯನ್ನು ಅಣ್ಣನೂ ನಾನೂ ಇಬ್ಬರೂ ಕೇಳಿದೆವು. ಚೀಟಿ ಎತ್ತಿದೆವು, ಅಣ್ಣನಿಗೆ ಹೋಯಿತು.